ತವರಿಗೆ ಬಂದ ಕಡಲಾಮೆ

ಹೊನ್ನಾವರದ ಕಡಲದಂಡೆಯಲ್ಲಿ ವಿಠೋಬ ಶಾನಭಾಗರು ಹೊಸ ಮನೆ ಕಟ್ಟಿಸಲು ಹೊರಟರು. ಅಷ್ಟರಲ್ಲಿ ಮಗಳು ಹೆರಿಗೆಗೆ ತವರಿಗೆ ಬಂದಳು. "ಮನೆಯಲ್ಲಿ ಬಸುರಿ ಇರುವಾಗ ನೆಲ ಅಗೆಯಬಾರದು" ಎಂದು ಕೆಲಸ ನಿಲ್ಲಿಸಿದರು. ಮಗು ಹುಟ್ಟಿತು, ತೊಟ್ಟಿಲ ಶಾಸ್ತ್ರವೂ ಮುಗಿಯಿತು. ಮರುದಿನವೇ ಮೇಸ್ತ್ರಿಯನ್ನು ದಂಡೆಗೆ ಕರೆಸಿದರು.

"ಈ ಮರಳುದಿಬ್ಬ ಸಪಾಟು ಮಾಡು. ಜಗಲಿಯಲ್ಲಿ ಕೂತರೆ ನನಗೆ ಸಮುದ್ರ ಕಾಣಬೇಕು."

ಮೇಸ್ತ್ರಿ ದಿಬ್ಬದ ಮರಳನ್ನು ಕೈಯಿಂದ ಮೆಲ್ಲಗೆ ಸರಿಸಿದ. ಒಳಗೆ ಕಡಲಾಮೆಯ ಬಿಳಿ ಮೊಟ್ಟೆಗಳಿದ್ದವು. ತೋರಿಸಿ ಮತ್ತೆ ಮುಚ್ಚಿದ.

"ಆಗೋದಿಲ್ಲ ಒಡೇರೇ. ಇಲ್ಲಿ ಇನ್ನೂ ಹೆರಿಗೆ ಮುಗಿದಿಲ್ಲ."

"ಆಮೆಗೆ ಎಂಥ ಶಾಸ್ತ್ರವೋ?"

"ಆಮೆಗಿಲ್ಲ. ಅಗೆಸುವ ನಿಮಗಿದೆಯಲ್ಲ."

ಶಾನಭಾಗರು ಗಂಟಲು ಸರಿಮಾಡಿಕೊಂಡರು. "ಸರಿ, ಮರಿಗಳು ಹೋದ ಮೇಲೆ ಅಗೆ."

"ಅಗೆಯಬಹುದು. ಆದರೆ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಮೊಟ್ಟೆಯಿಡಲು ಹುಟ್ಟಿದ ದಂಡೆಗೇ ಬರುತ್ತವೆ, ನಿಮ್ಮ ಮಗಳು ಬಂದ ಹಾಗೆ. ಆಗ ತವರೇ ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು?"

ಶಾನಭಾಗರು ಮನೆಯ ನಕ್ಷೆ ಬದಲಿಸಿದರು. ಮನೆ ದಿಬ್ಬದ ಹಿಂದಕ್ಕೆ ಸರಿಯಿತು. ಸಮುದ್ರ ಈಗ ಮಾಳಿಗೆಯಿಂದ ಕಾಣುತ್ತದೆ. ಬೆಳಕಿಗೆ ಹೆದರುವ ಆಮೆ ರಾತ್ರಿ ದಂಡೆಗೆ ಬರುವ ಕಾಲದಲ್ಲಿ ನೆಂಟರು ಯಾರಾದರೂ ಅಂಗಳದ ದೀಪ ಹಾಕಿದರೆ ಶಾನಭಾಗರೇ ಗದರುತ್ತಾರೆ:

"ಆರಿಸು ಮಾರಾಯ. ಮಗಳು ಹೆರಿಗೆಗೆ ಬಂದಿದ್ದಾಳೆ."