ಗುರುಸಿದ್ದವ್ವನ ಮಚ್ಚೆ

ಇದರ ಪ್ರತಿ ಅಕ್ಷರವೂ ಸತ್ಯ, ನನ್ನ ಹುರಿಮೀಸೆಯ ಮೇಲಾಣೆ. ಗದಗಿನ ಒಂದು ಪ್ರೆಸ್ಸಿನಲ್ಲಿ, ಅರ್ಧ ಜಿಲ್ಲೆಯ ಮದುಮಕ್ಕಳ ಮೊಡವೆಗಳನ್ನು ಫೋಟೊದಲ್ಲೇ ವಾಸಿಮಾಡಿದ ಮುದಿ ಕುಂಚವೊಂದಿತ್ತು. ಅದಕ್ಕೆ ಉಳಿದದ್ದು ಒಂದೇ ಕೂದಲು. ಫೋಟೊ ತಿದ್ದುವ ಸಾಫ್ಟ್‌ವೇರ್ ಬಂದ ವಾರವೇ ಕಂಪ್ಯೂಟರಿನ ಮೌಸ್, ತೀರಿಕೊಂಡ ಗುರುಸಿದ್ದವ್ವನ ಶಿವಗಣಾರಾಧನೆಯ ಕಾರ್ಡಿನ ಫೋಟೊಕ್ಕೆ ಕೈಹಾಕಿತು.

“ತಮ್ಮಾ, ಗಲ್ಲದ ಚುಕ್ಕಿ ಅಳಸಬ್ಯಾಡ. ಅದು ಧೂಳಲ್ಲ, ಮಚ್ಚಿ. ಆಕಿ ಲಗ್ನದ ಫೋಟೊ ತಿದ್ದಿದಾಂವ ನಾನು,” ಎಂದಿತು ಕುಂಚ.

“ನಿಮ್ಮ ಕಾಲ ಮುಗೀತು, ಅಜ್ಜಾರ,” ಎಂದು ಮೌಸ್ ಒಂದೇ ಕ್ಲಿಕ್ಕಿಗೆ ಅಳಿಸಿತು.

ಮುನ್ನೂರು ಕಾರ್ಡು ಅಚ್ಚಾದವು. ಗಂಡ ಅಡಿವೆಪ್ಪ ಒಂದನ್ನು ದಿಟ್ಟಿಸಿ, “ಈಕಿ ನಮ್ಮಾಕಿ ಅಲ್ಲರೀ,” ಎಂದ.

ಕುಂಚ ತನ್ನ ಕೂದಲನ್ನು ಮಸಿಯಲ್ಲಿ ಅದ್ದಿಕೊಂಡು, ಪ್ರತಿ ಕಾರ್ಡಿಗೂ ಮಚ್ಚೆ ಇಟ್ಟಿತು. ಕೊನೆಯ ಕಾರ್ಡಿನ ಮೇಲೆ ಅದರ ಆ ಒಂದು ಕೂದಲೂ ಉದುರಿತು. “ತಪ್ಪಾತು, ಅಜ್ಜಾರ,” ಎಂದು ಮೌಸ್ ಅತ್ತಿತು.

ಮೌಸ್ ಅತ್ತದ್ದೊಂದು ಮಾತ್ರ ನಾನು ಸೇರಿಸಿದ್ದು.