ಕಣಿವೆಯ ಸರದಿ

ಶಿಷ್ಯ ಕೇಳಿದ: “ಗುರುಗಳೇ, ನಮ್ಮೂರಿನ ಯೋಧನೊಬ್ಬ ಸೇನೆಯಿಂದ ಮರಳಿದ್ದಾನೆ. ಅವನ ಮುತ್ತಾತನೂ ನಾಡಿಗಾಗಿ ಪ್ರಾಣ ಕೊಟ್ಟವನು, ಅವನ ವೀರಗಲ್ಲು ಊರಲ್ಲಿದೆ. ಸನ್ಮಾನದ ದಿನ ಹಾರವನ್ನು ಮೊದಲು ಕಲ್ಲಿಗೆ ಹಾಕಬೇಕೋ, ಮನುಷ್ಯನಿಗೋ? ಊರು ಎರಡು ಹೋಳಾಗಿದೆ. ಬುದ್ಧಿ ಹೇಳಿ ಹೇಳಿ ನನಗೂ ಸಾಕಾಗಿದೆ.”

ಗುರು ಹಣೆ ಒತ್ತಿಕೊಂಡರು. “ಇದಕ್ಕೂ ಜಗಳವೇ? ಕೂತುಕೋ,” ಎಂದು ಕತೆ ಹೇಳತೊಡಗಿದರು.

ಒಂದು ಊರು. ಅದರ ಬೆನ್ನಿಗೆ ಬೆಟ್ಟ, ಬೆಟ್ಟದ ನಡುವೆ ಒಂದು ಕಣಿವೆ. ದನಗಳ್ಳರು ಬರುವುದಾದರೆ ಅಲ್ಲಿಂದಲೇ ಬರಬೇಕು. ಹಿಂದೊಮ್ಮೆ ಹಾಗೆ ಬಂದಾಗ ಒಬ್ಬನೇ ಒಬ್ಬ ಅಡ್ಡ ನಿಂತ. ದನ ಉಳಿದವು, ಅವನು ಉಳಿಯಲಿಲ್ಲ. ಊರಿನವರು ಅವನು ಬಿದ್ದಲ್ಲೇ ವೀರಗಲ್ಲು ನಿಲ್ಲಿಸಿದರು. ಆ ಕಾಲದವರಿಗೆ ಬುದ್ಧಿ ಇತ್ತು. ಅವನು ಸತ್ತದ್ದು ಒಂಟಿಯಾಗಿದ್ದುದಕ್ಕೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಒಂದು ಕಟ್ಟಳೆ ಮಾಡಿದರು: ಊರಿನ ಪ್ರತಿ ಮನೆಯವರೂ ಸರದಿಯ ಮೇಲೆ ಆ ಕಲ್ಲಿನ ಪಕ್ಕ ಕಾವಲು ನಿಲ್ಲಬೇಕು. ಕಲ್ಲಿಗೆ ಪೂಜೆ ಎಂದರೆ ಅದೇ. ಎಣ್ಣೆ, ಅರಿಸಿನ, ಹಾರ ಯಾರಿಗೂ ಹೊಳೆದಿರಲಿಲ್ಲ.

ಕಾಲ ಕಳೆಯಿತು. ಆ ವೀರನ ಮರಿಮಗ ರಾಜನ ಸೈನ್ಯದಲ್ಲಿ ಬಹಳ ವರ್ಷ ಹೋರಾಡಿ, ಮೊಣಕಾಲಿಗೆ ಈಟಿಯ ಗಾಯ ಮಾಡಿಕೊಂಡು ಊರಿಗೆ ಬಂದ. ಊರಿಗೆ ಊರೇ ಹಿಗ್ಗಿತು. ನಿಜವಾದ ಹಿಗ್ಗೇ, ಸುಳ್ಳಲ್ಲ. ಆ ಹಿಗ್ಗಿನಲ್ಲೇ ಊರ ಗೌಡ ಎದ್ದು ಹೇಳಿದ: “ವೀರನ ರಕ್ತವೇ ಮನೆಗೆ ಬಂದಿರುವಾಗ ಆ ಕಲ್ಲಿನ ಪಕ್ಕ ಕಂಡಕಂಡವರು ನಿಲ್ಲೋದು ಏನು ಚೆಂದ? ಆ ಗೌರವ ಇನ್ನು ಮೇಲೆ ಅವನ ಮನೇದೇ.”

ಎಲ್ಲರೂ ಚಪ್ಪಾಳೆ ತಟ್ಟಿದರು. ರೈತನಿಗೆ ಬಿತ್ತನೆ ಇತ್ತು, ವ್ಯಾಪಾರಿಗೆ ಸಂತೆ ಇತ್ತು. ಹೀಗೆ ಊರಿನ ಸರದಿಯೆಲ್ಲ ಒಬ್ಬನ ಕೊರಳಿಗೆ ಬಿತ್ತು. ಬೇಡ ಎನ್ನಲು ಯೋಧನಿಗೆ ನಾಚಿಕೆಯಾಯಿತು. ಕುಂಟುತ್ತಲೇ ಹೋಗಿ ನಿಂತ.

ಗಾಯ ಮಾಯಲಿಲ್ಲ. ಒಂದು ತಿಂಗಳು ಕಾಲು ಚಾಚಿ ಮಲಗದಿದ್ದರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದ ವೈದ್ಯ. ಯೋಧ ಪಂಚಾಯಿತಿ ಕಟ್ಟೆಗೆ ಬಂದು ಕೈಮುಗಿದ. “ನನಗೆ ಬೇರೇನೂ ಬೇಡ. ಒಂದು ತಿಂಗಳು ನಿಮ್ಮ ನಿಮ್ಮ ಸರದಿಗೆ ನೀವು ಬನ್ನಿ. ಕಾಲು ಉಳಿದರೆ ಆಮೇಲೆ ನಾನೂ ನಿಮ್ಮ ಜೊತೆ ನಿಲ್ತೀನಿ.”

ವ್ಯಾಪಾರಿಯ ಕಣ್ಣು ತುಂಬಿ ಬಂತು. “ಏನೂ ಬೇಡ ಅಂತಾನಲ್ಲ, ಎಂಥ ದೊಡ್ಡ ಮನಸ್ಸು!” ಎಂದವನೇ ತನ್ನ ಅಂಗಡಿಯಿಂದ ಜರತಾರಿ ಪೇಟ ತಂದು ಅವನ ತಲೆಗೆ ಕಟ್ಟಿದ. ಪೇಟ ಕಟ್ಟಿಸಿಕೊಂಡು ಯೋಧ ಕಣಿವೆಗೆ ಹೋದ. ಇನ್ನೇನು ಮಾಡುತ್ತಾನೆ ಪಾಪ!

ಮುಂದಿನ ವಾರ ಮತ್ತೆ ಬಂದ. ಕಾಲು ಊದಿತ್ತು. ಈ ಸಲ ಊರಿನವರು ಅವನ ಹಿರಿಯರನ್ನು ನೆನೆದು ಗದ್ಗದಿತರಾದರು. ವೀರಗಲ್ಲು ಮಳೆಯಲ್ಲಿ ನೆನೆಯಬಾರದೆಂದು ಅದಕ್ಕೊಂದು ಮಂಟಪ ಕಟ್ಟಲು ಹೊರಟರು. ಕಟ್ಟುವಷ್ಟು ದಿನವೂ ಅರ್ಧ ಊರು ಕಣಿವೆಯಲ್ಲೇ ಇತ್ತು ನೋಡು! ಕಲ್ಲು ಹೊತ್ತರು, ಗಾರೆ ಕಲಸಿದರು, ಹಾಡಿದರು. ಸಂಜೆಯಾದೊಡನೆ ಯೋಧನ ಕೈಗೆ ಈಟಿ ಕೊಟ್ಟು, ಕಾಲು ಮುಟ್ಟಿ ನಮಸ್ಕರಿಸಿ ಮನೆಗೆ ಹೋದರು. ಆ ಊದಿದ ಕಾಲನ್ನೇ ಮುಟ್ಟಿದರು ಮಾರಾಯ. ಒಬ್ಬನಿಗಾದರೂ ಅದರ ಬಿಸಿ ತಾಗಬಾರದೇ?

ಮಳೆಗಾಲ ಮುಗಿಯುವುದರೊಳಗೆ ವೈದ್ಯ ಕಾಲನ್ನು ಕತ್ತರಿಸಿದ. ಊರು ಗೋಳೋ ಎಂದು ಅತ್ತಿತು. ಬಡಗಿಯಿಂದ ಬೀಟೆಮರದ ಕಾಲೊಂದನ್ನು ಮಾಡಿಸಿ, ಅದರ ಮೇಲೆ ಮುತ್ತಾತನ ಹೆಸರು ಕೆತ್ತಿಸಿ, ವಾಲಗದೊಡನೆ ಮೆರವಣಿಗೆಯಲ್ಲಿ ತಂದು ಕೊಟ್ಟಿತು. ಮಂಗಳಾರತಿ ಆದ ಮೇಲೆ ಗೌಡ ಅವನ ಭುಜ ತಟ್ಟಿದ. “ಮರದ ಕಾಲು ನೋಯೋದಿಲ್ಲವಲ್ಲ. ಇವತ್ತಿನಿಂದಲೇ ಹೋಗಬಹುದು.”

ಕತೆ ನಿಂತಿತು. ಶಿಷ್ಯ ಕೆರಳಿದ್ದ. “ಎಂಥ ಕಟುಕರು! ನಮ್ಮೂರಿನವರು ಹಾಗಲ್ಲ, ಗುರುಗಳೇ. ಅವನ ಮೇಲೆ ಪ್ರೀತಿ ಇರುವುದಕ್ಕೇ ಇಷ್ಟು ಜಗಳ.”

“ಅವರಿಗೂ ಪ್ರೀತಿ ಇತ್ತು. ಅದೇ ನನ್ನ ತಲೆನೋವು,” ಎಂದರು ಗುರು. “ಇರಲಿ. ನಿಮ್ಮೂರ ಕೆರೆ ತುಂಬಿ ಏರಿ ಬಿರಿಯುವಂತಿದೆಯಂತೆ. ನೀವೆಲ್ಲ ಹಾರದ ಜಗಳದಲ್ಲಿದ್ದರೆ ಏರಿ ಕಾಯುತ್ತಿರುವವರು ಯಾರು?”

“ಅವನೇ ಇದ್ದಾನಲ್ಲ. ಸೇನೆಯಲ್ಲಿದ್ದವನು, ಅಂಥ ಕೆಲಸಕ್ಕೆ ಅವನಿಗಿಂತ…” ಶಿಷ್ಯ ಮಾತನ್ನು ಅರ್ಧಕ್ಕೇ ನಿಲ್ಲಿಸಿದ. ತಲೆ ತಗ್ಗಿಸಿದ.

“ಹಾರದ ಮಾತು ಆಮೇಲೆ,” ಎಂದರು ಗುರು, “ಮೊದಲು ಹೋಗಿ ಏರಿಯ ಮೇಲೆ ನೀನು ನಿಲ್ಲು, ಅವನು ಮನೆಗೆ ಹೋಗಲಿ.”