ಮರಣ ಪುಸ್ತಕದಲ್ಲಿ ಇಲ್ಲದ ಹೆಸರು

ಶಿಲುಬೆಪಾಳ್ಯದ ದೇವಾಲಯದ ಹಿಂದೆ ಒಂದು ಹೆಂಚಿನ ಕೋಣೆಯಿತ್ತು. ಪೂಜ್ಯ ಆರೋಗ್ಯಮ್ಮನವರು ನಲವತ್ತು ವರ್ಷ ಅಲ್ಲಿಯೇ ನೆಲೆಸಿದ್ದರು. ಊರಿನಲ್ಲಿ ಮಗು ಹುಟ್ಟಿದರೆ ಮೊದಲ ನೀರು ಹಾಕುತ್ತಿದ್ದವರು ಅವರು; ಯಾರಾದರೂ ತೀರಿಕೊಂಡರೆ ಕಡೆಯ ಸ್ನಾನ ಮಾಡಿಸಿ ಬಿಳಿಬಟ್ಟೆ ಉಡಿಸುತ್ತಿದ್ದವರೂ ಅವರೇ. ಓದು ಬರಹ ಅಷ್ಟಕ್ಕಷ್ಟೇ. ಆದರೂ ಊರಿನ ಓದಿದವರೆಲ್ಲ ತಮ್ಮ ಸಂಕಟ ಹೊತ್ತು ಆ ಬಾಗಿಲಿಗೇ ಬರುತ್ತಿದ್ದರು. ಯಾಕೆಂದು ಇನ್ನಾಸಪ್ಪ ಮೇಷ್ಟ್ರನ್ನು ಕೇಳಬೇಕು.

ಮೇಷ್ಟ್ರು ಚರಿತ್ರೆ ಪಾಠ ಮಾಡಿ ನಿವೃತ್ತರಾದವರು, ಚರ್ಚಿನ ಗುರುಗಳು ಇಲ್ಲದಾಗ ಪ್ರಾರ್ಥನೆ ನಡೆಸುವ ಊರಿನ ಉಪದೇಶಿಯೂ ಹೌದು. ಪಾಸ್ಕ ಹಬ್ಬದ ದಿನ, ಅಂದರೆ ಈಸ್ಟರಿನಂದು, ಗುರುಗಳು ಮೂರು ಊರಿನ ಪೂಜೆ ಮುಗಿಸಿ ಬರುವಾಗ ಮಧ್ಯಾಹ್ನವಾಗುತ್ತಿತ್ತು. ಹಾಗಾಗಿ ಬೆಳಿಗ್ಗೆಯೇ ಜನರನ್ನು ಸಮಾಧಿಗಳ ತೋಟಕ್ಕೆ ಕರೆದೊಯ್ದು, ಕ್ರಿಸ್ತರು ಸಾವಿನಿಂದ ಎದ್ದ ಪಾಠವನ್ನು ಗಟ್ಟಿಯಾಗಿ ಓದುವುದು ಉಪದೇಶಿಯ ಪಾಲಿನ ಕೆಲಸ. ಹದಿನೆಂಟು ವರ್ಷ ಒಂದಕ್ಷರ ತಪ್ಪದೆ ಓದಿದ್ದರು. ಈ ಸಲ ಆ ತೋಟದಲ್ಲಿ ಅವರ ಹೆಂಡತಿ ಸಹಾಯಮ್ಮನ ಸಮಾಧಿಯೂ ಇತ್ತು. ಮೂರು ತಿಂಗಳಾಗಿತ್ತು, ಮಣ್ಣು ಇನ್ನೂ ಕೂತಿರಲಿಲ್ಲ.

ಹೆಂಡತಿ ಹೋದ ಮೇಲೆ ಮೇಷ್ಟ್ರಿಗೆ ಒಂದೇ ಪ್ರಶ್ನೆ ತಲೆ ತಿನ್ನತೊಡಗಿತು: ಕ್ರಿಸ್ತರು ಎದ್ದದ್ದು ನಿಜವೇ? ಪೇಟೆಯಿಂದ ದಪ್ಪ ದಪ್ಪ ಪುಸ್ತಕ ತರಿಸಿದರು. ಪಾಪ, ಚರಿತ್ರೆ ಮೇಷ್ಟ್ರು ತಾನೆ, ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಪರ ವಿರೋಧ ಬರೆದರು. ಹೆದರಿ ಓಡಿಹೋಗಿದ್ದ ಶಿಷ್ಯರು ಆಮೇಲೆ ಪ್ರಾಣ ಕೊಡಲು ನಿಂತರಲ್ಲ, ಅದು ಯಾವ ಧೈರ್ಯದಿಂದ? ಸಮಾಧಿಯಿಂದ ದೇಹವನ್ನು ಕದ್ದವರು ಸುತ್ತಿದ ಬಟ್ಟೆ ಬಿಚ್ಚಿಡುತ್ತ ಕೂರುತ್ತಾರೆಯೇ? ಇದು ಪರ. ಆದರೆ ಬೈಬಲಿನಲ್ಲಿ ಅದನ್ನು ಬರೆದದ್ದು ಎಷ್ಟೋ ವರ್ಷಗಳ ಮೇಲೆ. ಬರೆದ ನಾಲ್ವರಲ್ಲಿ ಒಬ್ಬರು ಸಮಾಧಿಯ ಬಳಿ ಒಬ್ಬ ದೂತನಿದ್ದ ಎನ್ನುತ್ತಾರೆ, ಇನ್ನೊಬ್ಬರು ಇಬ್ಬರು ಎನ್ನುತ್ತಾರೆ. ದುಃಖದಲ್ಲಿರುವವರಿಗೆ ಸತ್ತವರು ಕಂಡಂತಾಗುವುದೂ ಉಂಟು. ಎಷ್ಟು ತೂಗಿದರೂ ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

ಹಬ್ಬದ ಹಿಂದಿನ ಮಧ್ಯಾಹ್ನ ಮೇಷ್ಟ್ರು ನೋಟ್‌ಬುಕ್ ಹಿಡಿದು ಅಮ್ಮನವರ ಬಾಗಿಲಿಗೆ ಬಂದರು. ಅಮ್ಮನವರು ಬಲಿಪೀಠದ ಬಟ್ಟೆಗೆ ಗಂಜಿ ಹಾಕುತ್ತಿದ್ದರು.

"ಅಮ್ಮ, ನಾಳೆ ಬೇರೆ ಯಾರ ಕೈಲಾದರೂ ಓದಿಸಿ. ಸಹಾಯಮ್ಮನ ಎದುರು ನಿಂತು, ನಿಜವೋ ಸುಳ್ಳೋ ಗೊತ್ತಿಲ್ಲದ್ದನ್ನ ನಾನು ಹೇಗೆ ಓದಲಿ?"

ಅಮ್ಮನವರು ನೋಟ್‌ಬುಕ್ಕಿನತ್ತ ಕಣ್ಣು ಹಾಯಿಸಿ, ಓದಿ ಎಂಬಂತೆ ತಲೆಯಾಡಿಸಿದರು. ಮೇಷ್ಟ್ರು ಎಲ್ಲವನ್ನೂ ಓದಿದರು. ವಿರೋಧದ ಕಡೆ ಕೊನೆಯ ಸಾಲು ಹೀಗಿತ್ತು: ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು, ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆಯಿರಲಿಲ್ಲ.

ಅಮ್ಮನವರು ಬಟ್ಟೆ ಹಿಂಡುತ್ತ ಕೇಳಿದರು: "ಸಹಾಯಮ್ಮ ಹೋದಾಗ ಪಕ್ಕದಲ್ಲಿ ಯಾರಿದ್ದರು ಮೇಷ್ಟ್ರೆ?"

"ನೀವೊಬ್ಬರೇ ಅಮ್ಮ. ನಾನು ಕನಕಪುರಕ್ಕೆ ಹೋಗಿದ್ದೆ."

"ಮರಣ ಪುಸ್ತಕದಲ್ಲಿ ಸಾಕ್ಷಿ ಅಂತ ಯಾರ ಹೆಸರು ಬರೆದಿರಿ?"

ಮೇಷ್ಟ್ರ ಮುಖ ಸಣ್ಣದಾಯಿತು. ಊರಿನ ಸಾವುಗಳನ್ನು ದಾಖಲಿಸುವ ದೇವಾಲಯದ ಆ ಪುಸ್ತಕ ಬರೆಯುವವರು ಅವರೇ. ಇಬ್ಬರು ಗಂಡಸರ ಹೆಸರು ಹಾಕುವುದು ಊರಿನ ರೂಢಿ. ರಾಯಪ್ಪ, ಅಂತೋಣಪ್ಪ ಎಂದು ಬರೆದಿದ್ದರು. ಆ ಹೊತ್ತಿಗೆ ಆ ಇಬ್ಬರೂ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು.

"ಪುಸ್ತಕ ನೋಡಿದ ಜನ ಒಪ್ಪಬೇಕಲ್ಲ ಅಮ್ಮ, ಅದಕ್ಕೆ..."

"ಜನ ಒಪ್ಪಲಿ ಅಂತ ಬರೆಯೋರು ಹಾಗೇ ಬರೀತಾರೆ. ಆ ನಾಲ್ವರು ಯಾಕೆ ಹಾಗೆ ಬರೀಲಿಲ್ಲ?"

ಮೇಷ್ಟ್ರು ನೋಟ್‌ಬುಕ್ಕಿನ ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿಕೊಂಡರು. ಆದರೂ ಮೇಷ್ಟ್ರು ಮೇಷ್ಟ್ರೇ. "ಇದ್ದದ್ದನ್ನ ಇದ್ದ ಹಾಗೆ ಬರೆದರು ಅಂತ ಇದರಿಂದ ಹೇಳಬಹುದು ಅಮ್ಮ. ಎದ್ದು ಬಂದರು ಅಂತ ಸಾಬೀತಾಗೋದಿಲ್ಲ" ಎಂದರು.

ಅಮ್ಮನವರು ಬೇಸರಿಸಲಿಲ್ಲ. ಬಟ್ಟೆಯನ್ನು ತಂತಿಯ ಮೇಲೆ ಹರವಿ, ಸುಕ್ಕು ಬಿಡಿಸುತ್ತ ನುಡಿದರು: "ಸಾಬೀತು ಮಾಡೋದು ನನ್ನ ಕೈಲೂ ಇಲ್ಲ. ಸಹಾಯಮ್ಮ ಕೊನೇಲಿ, 'ಮೇಷ್ಟ್ರಿಗೆ ಸಾರು ಮುಚ್ಚಿಟ್ಟಿದ್ದೀನಿ, ಬಿಸಿ ಮಾಡಿಕೊಳ್ಳೋಕೆ ಹೇಳಿ' ಅಂದಳು. ನಾನು ಬಂದು ಹೇಳಿದಾಗ ಎರಡನೇ ಸಾಕ್ಷಿ ಕೇಳಿದಿರಾ?"

ಮೇಷ್ಟ್ರು ನೋಟ್‌ಬುಕ್ ಮುಚ್ಚಿದರು. ಮೂರು ತಿಂಗಳು ಅವರು ಜೀವ ಹಿಡಿದುಕೊಂಡಿದ್ದೇ ಆ ಒಂದು ಮಾತಿನ ಮೇಲೆ. ಅದು ನಿಜವೋ ಸುಳ್ಳೋ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಹೇಳಿದವರು ಯಾರೆಂದು ಅವರಿಗೆ ಗೊತ್ತಿತ್ತು.

"ನಾಳೆ ನೀವು ಕಂಡದ್ದನ್ನ ಓದಬೇಕಾಗಿಲ್ಲ," ಎಂದರು ಅಮ್ಮನವರು. "ಆ ಹೆಂಗಸರು ಕಂಡದ್ದನ್ನ ಓದಿ."

ಮರುದಿನ ಬೆಳಿಗ್ಗೆ ಮೇಷ್ಟ್ರು ಸಹಾಯಮ್ಮನ ಸಮಾಧಿಯ ಪಕ್ಕದಲ್ಲೇ ನಿಂತು ಓದಿದರು. ಹೆಂಗಸರು ಓಡೋಡಿ ಬಂದು ಹೇಳಿದ್ದು, ಗಂಡಸರು ಅದನ್ನು ಹುಚ್ಚುಮಾತೆಂದು ತಳ್ಳಿದ್ದು ಬಂದಾಗ ಅವರ ದನಿ ನಡುಗಿತು. ಹೆಂಡತಿಯ ನೆನಪಾಯಿತೆಂದು ಜನ ಕಣ್ಣೊರೆಸಿಕೊಂಡರು. ಅಷ್ಟೇ ಅಲ್ಲವೆಂದು ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಮಧ್ಯಾಹ್ನ ಗುರುಗಳು ಬಂದಾಗ ಮೇಷ್ಟ್ರು ಮರಣ ಪುಸ್ತಕವನ್ನು ಅವರ ಮುಂದಿಟ್ಟು ತಪ್ಪೊಪ್ಪಿಕೊಂಡರು. ಅವರ ಅನುಮತಿ ಪಡೆದು ಆ ಎರಡು ಹೆಸರುಗಳ ಮೇಲೆ ಗೆರೆ ಎಳೆದು, "ಹತ್ತಿರವಿದ್ದು ಕಂಡವರು: ಆರೋಗ್ಯಮ್ಮ" ಎಂದು ಬರೆದರು. ತಪ್ಪೊಪ್ಪಿಕೊಳ್ಳುವಾಗ ಆ ನೋಟ್‌ಬುಕ್ಕಿನ ಸುದ್ದಿಯನ್ನೂ ಗುರುಗಳಿಗೆ ಹೇಳಿದ್ದರು. "ಏನು ಮೇಷ್ಟ್ರೆ, ತಕ್ಕಡಿ ಯಾವ ಕಡೆ ವಾಲಿತು?" ಎಂದು ಗುರುಗಳು ನಗುತ್ತ ಕೇಳಿದರು.

ಮೇಷ್ಟ್ರು ಶಾಯಿ ಆರುವವರೆಗೂ ಆ ಹೆಸರನ್ನೇ ನೋಡುತ್ತಿದ್ದರು. "ಸಾಕ್ಷಿ ಹೇಳಿದವರ ಮೇಲೆ ನನಗೆ ನಂಬಿಕೆ ಬಂತು ಸ್ವಾಮಿ," ಎಂದು ಹೇಳಿ, ಮನೆಗೆ ಹೋಗಿ ಬೆಳಿಗ್ಗೆ ಮಾಡಿಟ್ಟಿದ್ದ ಸಾರು ಬಿಸಿ ಮಾಡಿಕೊಂಡು ಹೊಟ್ಟೆ ತುಂಬ ಉಂಡರು.